ಬಾರ್ಸಿಲೋನಾಗೆ ಹೋಗುವವರು ಓದಿ: ಹೊರಡುವ ದಿನ ಬ್ಯಾಗ್ ಹೊತ್ತು ತಿರುಗಬೇಡಿ

ಓದಲು ಜರ್ಮನಿಗೆ ಬಂದಿರುವ ನಮ್ಮ ಹುಡುಗ ಹುಡುಗಿಯರು ರಜೆ ಸಿಕ್ಕ ಕೂಡಲೇ ಅಗ್ಗದ ವಿಮಾನ ಹುಡುಕಿ ಸ್ಪೇನ್‌ಗೆ ಹೊರಡುತ್ತಾರೆ. ನಾನೂ ಹಾಗೇ ಹೊರಟವನು. ಏಪ್ರಿಲ್‌ನಲ್ಲಿ ನಾನು, ನನ್ನ ಹಾಸನದ ರೂಮ್‌ಮೇಟ್ ಇಬ್ಬರೂ ನಾಲ್ಕು ದಿನಕ್ಕೆ ಬಾರ್ಸಿಲೋನಾಗೆ ಹೋಗಿದ್ದೆವು. ಅಲ್ಲಿ ನನಗಾದದ್ದು ನಿಮಗೆ ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಪೆಟ್ಟು ಚಿಕ್ಕದು. ಹುಡುಕುವಾಗ ಬಾರ್ಸಿಲೋನಾ ಹೆಸರಲ್ಲೇ ತೋರಿಸಿದ ವಿಮಾನ ಇಳಿದದ್ದು ಜಿರೋನಾದಲ್ಲಿ. ಅಲ್ಲಿಂದ ಊರಿಗೆ ಸುಮಾರು 90 ಕಿ.ಮೀ. ಹೋಗಿ ಬರುವ ಬಸ್ ಚಾರ್ಜಿಗೇ ಟಿಕೆಟ್‌ನಲ್ಲಿ ಉಳಿಸಿದ್ದು ಹೋಯಿತು. ಬುಕ್ ಮಾಡುವ ಮುಂಚೆ ನಿಲ್ದಾಣದ ಹೆಸರು ನೋಡಿ.

ಆಮೇಲೆ ಮೂರು ದಿನ ನಿಜಕ್ಕೂ ಚೆನ್ನಾಗಿತ್ತು. ಜಾಸ್ತಿ ನಡೆದೇ ಓಡಾಡಿದೆವು. ಶನಿವಾರ ಮಧ್ಯಾಹ್ನ 3 ಗಂಟೆ ಮೇಲೆ ಮೊಂಜುಯಿಕ್ ಗುಡ್ಡದ ಕಲಾ ಮ್ಯೂಸಿಯಂಗೆ ಪ್ರವೇಶ ಉಚಿತ, ಅದನ್ನೂ ನೋಡಿದೆವು.

ಎಡವಿದ್ದು ಕೊನೆಯ ದಿನ. ಹಾಸ್ಟೆಲ್ ರೂಮು ಬೆಳಗ್ಗೆಯೇ ಬಿಡಬೇಕಿತ್ತು, ಬಸ್ ಇದ್ದದ್ದು ಸಂಜೆ. ಸಾಂಟ್ಸ್ ರೈಲು ನಿಲ್ದಾಣದಲ್ಲಿ ಬ್ಯಾಗ್ ಇಡಲು ಲಾಕರ್ ಇದೆ ಅಂತ ಗೊತ್ತಿತ್ತು. ಆದರೆ ಅದರ ಬಾಡಿಗೆ ಒಂದು ಹೊತ್ತಿನ ಊಟದ ದುಡ್ಡು, ಸುಮ್ನೆ ಯಾಕೆ ಕೊಡೋದು ಅಂದುಕೊಂಡು ಬ್ಯಾಗ್ ಹೊತ್ತೇ ಬಾರ್ಸಿಲೋನೆಟಾ ಬೀಚಿಗೆ ಹೋದೆವು. ಹೊರಡುವ ದಿನ ಅಂದರೆ ನಮ್ಮದು ಅಂತ ಇರುವುದೆಲ್ಲ ಒಂದೇ ಬ್ಯಾಗಿನಲ್ಲಿ ಇರುತ್ತದೆ, ಅಲ್ವಾ? ಲ್ಯಾಪ್‌ಟಾಪ್, ಬ್ಯಾಂಕ್ ಕಾರ್ಡ್, ಜರ್ಮನಿಯ ರೆಸಿಡೆನ್ಸ್ ಕಾರ್ಡ್ ಎಲ್ಲವೂ ಅದರಲ್ಲೇ.

ದಂಡೆಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಬ್ಯಾಗ್ ನನ್ನ ಎರಡು ಪಾದಗಳ ನಡುವೆ ಇತ್ತು, ಪಟ್ಟಿ ಕೈಯಲ್ಲಿತ್ತು. ಹಿಂದಿನಿಂದ ಹೆಗಲ ಮೇಲೆ ತಣ್ಣಗೆ ಏನೋ ಬಿದ್ದ ಹಾಗಾಯಿತು. ನೋಡಿದರೆ ಹಸಿರು ಬಿಳಿ ಬೆರೆತ ಗಂಜಿಯಂಥ ರಾಡಿ, ತೋಳಿನ ಕಡೆ ಇಳಿಯುತ್ತಿದೆ. ಅಷ್ಟರಲ್ಲಿ ಐವತ್ತರ ಆಸುಪಾಸಿನ, ಇಸ್ತ್ರಿ ಮಾಡಿದ ಶರ್ಟಿನ ಒಬ್ಬರು ಬಂದು ಪಾಪ ಅನ್ನುವ ಮುಖ ಮಾಡಿ ಮೇಲಿನ ತಾಳೆ ಮರ ತೋರಿಸಿದರು, ಹಕ್ಕಿ ಹಿಕ್ಕೆ ಹಾಕಿದೆ ಅನ್ನುವ ಹಾಗೆ. ಜೊತೆಗಿದ್ದ ಹೆಂಗಸು ಟಿಶ್ಯೂ ಕೊಟ್ಟು, ನೀರಿನ ಬಾಟಲಿ ತೆಗೆದು, ಜಾಕೆಟ್ ಬಿಚ್ಚು ಅಂತ ಸನ್ನೆ ಮಾಡಿದಳು. ಬಿಚ್ಚಬೇಕಾದರೆ ಎರಡೂ ಕೈ ಬೇಕಲ್ಲ, ಪಟ್ಟಿ ಬಿಟ್ಟೆ. ರೂಮ್‌ಮೇಟ್ ಕೂಡ ನನ್ನ ಬೆನ್ನು ಒರೆಸುತ್ತಿದ್ದ. ಅರ್ಧ ನಿಮಿಷ ಆಗಿರಬಹುದು. "ಮಗಾ, ಬ್ಯಾಗ್ ಎಲ್ಲೋ?" ಅಂದ. ಕೆಳಗೆ ನೋಡಿದರೆ ನನ್ನ ಬೂಟು ಮಾತ್ರ ಇತ್ತು. ತಲೆ ಎತ್ತುವಷ್ಟರಲ್ಲಿ ಅವರಿಬ್ಬರೂ ಇಲ್ಲ. ಬ್ಯಾಗ್ ಎತ್ತಿದ ಮೂರನೆಯವನನ್ನು ನಾವು ನೋಡಲೇ ಇಲ್ಲ.

ಜಾಕೆಟ್‌ನ ಒಳಜೇಬಿನಲ್ಲಿ ಪಾಸ್‌ಪೋರ್ಟ್ ಇತ್ತು, ಜಾಕೆಟ್ ನನ್ನ ಕೈಯಲ್ಲೇ ಇತ್ತು, ಅದೊಂದು ಉಳಿಯಿತು. ಅದೂ ಹೋಗಿದ್ದರೆ ಭಾರತದ ರಾಯಭಾರ ಅಥವಾ ಕಾನ್ಸುಲೇಟ್ ಕಚೇರಿಗೆ ಅಲೆಯಬೇಕಿತ್ತು. ತುರ್ತಿಗೆ ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟ್ ಭಾರತಕ್ಕೆ ಒಮ್ಮೆ ವಾಪಸ್ ಹೋಗಲಿಕ್ಕೆ ಮಾತ್ರ. ಓದು ಅರ್ಧಕ್ಕೆ ಬಿಟ್ಟು ಊರಿಗೆ ಹೋಗಬೇಕಾಗುತ್ತಿತ್ತೇನೋ ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ರೂಮ್‌ಮೇಟ್ ಫೋನಿನಿಂದ ಮೊದಲು ಮಾಡಿದ್ದು ಜರ್ಮನ್ ಕಾರ್ಡ್ ನಿಲ್ಲಿಸುವ ನಂಬರಿಗೆ ಕರೆ. ಹೊರದೇಶದಿಂದ +49 116 116. ಇದನ್ನು ಬಾಯಿಪಾಠ ಮಾಡಿಕೊಳ್ಳಿ, ಫೋನಿನಲ್ಲಿ ಮಾತ್ರ ಬರೆದಿಟ್ಟರೆ ಫೋನೇ ಹೋದಾಗ ಏನು ಮಾಡುತ್ತೀರಿ? ಆಮೇಲೆ ನೌ ದೆ ಲಾ ರಾಂಬ್ಲಾ ರಸ್ತೆಯ ಪೊಲೀಸ್ ಠಾಣೆಗೆ ಹೋದೆವು. ಬಾರ್ಸಿಲೋನಾ ಇರುವ ಕತಲೂನ್ಯಾ ಪ್ರಾಂತ್ಯದ ಪೊಲೀಸರನ್ನು ಮೊಸ್ಸೊಸ್ ಅನ್ನುತ್ತಾರೆ. ನಮ್ಮ ಹಾಗೇ ಏನೋ ಕಳೆದುಕೊಂಡು, ಚಪ್ಪಲಿ, ಬೀಚ್ ಟವೆಲ್‌ನಲ್ಲೇ ಬಂದು ಕೂತಿದ್ದವರು ಅಲ್ಲಿ ಎಷ್ಟೋ ಮಂದಿ. ಕದ್ದ ಮಾಲು 400 ಯೂರೋ ದಾಟದಿದ್ದರೆ ಅಲ್ಲಿನ ಕಾನೂನಿನಲ್ಲಿ ಅದು ಸಣ್ಣ ಅಪರಾಧ, ಸಾಮಾನ್ಯವಾಗಿ ದಂಡದಲ್ಲೇ ಮುಗಿಯುತ್ತದೆ. ಹಾಗಂತ ದೂರು ಕೊಡದೆ ಬರಬೇಡಿ. 'ದೆನೂನ್ಸಿಯಾ' ಅನ್ನುವ ಆ ಕಾಗದ ಇಲ್ಲದಿದ್ದರೆ ಇನ್ಶೂರೆನ್ಸ್ ಕೇಳುವ ಹಾಗಿಲ್ಲ. ಜರ್ಮನಿಯಲ್ಲಿ ಹೊಸ ರೆಸಿಡೆನ್ಸ್ ಕಾರ್ಡಿಗೆ ನನ್ನ ಹತ್ತಿರ ಮೊದಲು ಕೇಳಿದ್ದೂ ಅದನ್ನೇ.

ಮನೆಗೆ ಬಂದು ಜಾಕೆಟ್ ಒಗೆಯುವಾಗ ಮೂಗಿಗೆ ಹಿಡಿದು ನೋಡಿದೆ. ಸಾಸಿವೆ, ವಿನಿಗರ್ ವಾಸನೆ. ಹಕ್ಕಿಯದ್ದು ಅಲ್ಲವೇ ಅಲ್ಲ.

ಮೈಮೇಲೆ ಏನೇ ಬೀಳಲಿ, ಯಾರೇ ಒರೆಸಲು ಬರಲಿ, ಬ್ಯಾಗ್ ಅಪ್ಪಿಕೊಂಡು ಎದ್ದು ಹತ್ತಿರದ ಅಂಗಡಿಯೊಳಗೆ ಹೋಗಿ. ಕೊಳೆಯಾದ ಬಟ್ಟೆಯಲ್ಲೇ ಹೋಗಿ, ಪರವಾಗಿಲ್ಲ. ಊಟದಲ್ಲಿ ಉಳಿಸಿ, ಬಸ್ಸಲ್ಲಿ ಉಳಿಸಿ, ಆದರೆ ಹೊರಡುವ ದಿನ ಲಾಕರಿಗೆ ದುಡ್ಡು ಎತ್ತಿಡಿ. ಹಾಗೇ ಲ್ಯಾಪ್‌ಟಾಪ್ ತಿರುಗಿಸಿ ಅದರ ಸೀರಿಯಲ್ ನಂಬರಿನ ಫೋಟೊ ತೆಗೆದು ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ, ಇವತ್ತೇ. ಠಾಣೆಯಲ್ಲಿ ಅದನ್ನು ಕೇಳಿದಾಗ ನನ್ನ ಹತ್ತಿರ ಇರಲಿಲ್ಲ.