ಟ್ರ್ಯಾಕ್‌ಗೂ ಹೋಗಿ ಮನೆಗೂ ಬರಬೇಕಾದ ಬ್ರೇಕ್ ಪ್ಯಾಡ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಹತ್ತಿರ ಇರುವುದು ಪೋರ್ಷೆ ಏನಲ್ಲ. ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ ಟಿಎಸ್‌ಐ. 1.2 ಲೀಟರ್ ಟರ್ಬೊ ಇಂಜಿನ್, 105 ಪಿಎಸ್, ಮುಂದೆ ಡಿಸ್ಕ್, ಹಿಂದೆ ಡ್ರಮ್. ದಾವಣಗೆರೆಯಲ್ಲಿ ಇದನ್ನು ಸ್ಪೋರ್ಟ್ಸ್ ಕಾರ್ ಅಂದರೆ ನಂಬುವವರು ಸಿಗುತ್ತಾರೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆಯ ರೇಸ್ ಟ್ರ್ಯಾಕ್‌ನಲ್ಲಿ ಅಂದರೆ ನಗುತ್ತಾರೆ. ನಗಲಿ. ವರ್ಷಕ್ಕೆ ಎರಡು ಸಲ ಅಲ್ಲಿಗೆ ಹೋಗದಿದ್ದರೆ ನನಗೆ ಊಟ ರುಚಿಸುವುದಿಲ್ಲ.

ಹೋಗುವುದಕ್ಕೆ ದಾರಿ ಕೇಳುವ ಕೆಲಸವೇ ಇಲ್ಲ. ನಮ್ಮೂರ ಪಕ್ಕ ಹಾದುಹೋಗುವ 48ನೇ ಹೆದ್ದಾರಿಯೇ ಚಿತ್ರದುರ್ಗ, ತುಮಕೂರು, ಬೆಂಗಳೂರು, ವೆಲ್ಲೂರು ದಾಟಿ ಅಲ್ಲಿಯ ತನಕ ಹೋಗುತ್ತದೆ. ಹೆಚ್ಚುಕಮ್ಮಿ 570 ಕಿ.ಮೀ. ಕಾರನ್ನು ಹೇರಿಕೊಂಡು ಹೋಗಲು ಟ್ರೇಲರ್ ಇಲ್ಲ, ಜೊತೆಗೆ ಮೆಕ್ಯಾನಿಕ್ ಇಲ್ಲ. ಡಿಕ್ಕಿಯಲ್ಲಿ ಜ್ಯಾಕ್, ಸ್ಪ್ಯಾನರ್ ಮತ್ತು ಒಂದು ಚೀಲ ಮಂಡಕ್ಕಿ. ಅದೇ ಕಾರಿನಲ್ಲಿ ಹೋಗಬೇಕು, ಅದನ್ನೇ ಚಚ್ಚಿ ಓಡಿಸಬೇಕು, ಅದರಲ್ಲೇ ಮನೆಗೆ ಬರಬೇಕು. ನನ್ನ ಹಾಗೆ ಓಡಾಡುವವರಿಗೆ ಯಾವ ಬ್ರೇಕ್ ಪ್ಯಾಡ್ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ತುಂಡು) ಸರಿ ಅನ್ನುವುದು ಮೂರು ಟ್ರಿಪ್ ಆದ ಮೇಲೆ ಗೊತ್ತಾಯಿತು.

ಮೊದಲ ಸಲ ಹೋದಾಗ ಕಾರಿನಲ್ಲಿ ಇದ್ದದ್ದು ಹಿಂದಿನ ಓನರ್ ಹಾಕಿಸಿದ್ದ ಪ್ಯಾಡ್. ಮೇಲಿನ ಹೆಸರೆಲ್ಲ ಅಳಿಸಿಹೋಗಿತ್ತು. ಮೂರು ಸುತ್ತು ಚೆನ್ನಾಗಿಯೇ ಹಿಡಿಯಿತು. ನಾಲ್ಕನೇ ಸುತ್ತಿನಲ್ಲಿ ಪೆಡಲ್ ಒತ್ತಿದೆ, ಅದು ಬೆಣ್ಣೆಯೊಳಗೆ ಬೆರಳು ಇಳಿದ ಹಾಗೆ ಇಳಿಯಿತು. ಎರಡು ಸಲ ಪಂಪ್ ಮಾಡಿದ ಮೇಲೆ ಸ್ವಲ್ಪ ಹಿಡಿಯಿತು. ಅಷ್ಟರಲ್ಲಿ ಕಾರು ಟ್ರ್ಯಾಕ್ ಬಿಟ್ಟು ಮಣ್ಣಿಗೆ ಇಳಿದಿತ್ತು. ಕಾರಿಗೂ ನನಗೂ ಏನೂ ಆಗಲಿಲ್ಲ, ಕೈ ಮಾತ್ರ ನಡುಗುತ್ತಿತ್ತು.

ಊರಿಗೆ ಬಂದು ಪಿ.ಬಿ. ರಸ್ತೆಯ ನಮ್ಮ ಮೆಕ್ಯಾನಿಕ್ ಉಸ್ತಾದ್ ಹತ್ತಿರ ಪ್ಯಾಡ್ ಬಗ್ಗೆ ಬೈಯಲು ಶುರು ಮಾಡಿದೆ. ಅವರು ಕೈ ಒರೆಸಿಕೊಳ್ಳುತ್ತಾ ಒಂದೇ ಪ್ರಶ್ನೆ ಕೇಳಿದರು.

"ತಮ್ಮಾ, ಪೆಡಲ್ ಕೆಳಗೆ ಹೋಯ್ತಾ, ಗಟ್ಟಿ ನಿಂತಿತ್ತಾ?"

"ಕೆಳಗೆ ಹೋಯ್ತು ಉಸ್ತಾದ್. ನೆಲಕ್ಕೆ ಹೋಯ್ತು."

"ಹಂಗಾದ್ರೆ ಪ್ಯಾಡ್ ಯಾಕೆ ಬೈತೀಯ? ಆಯಿಲ್ ಕುದ್ದೈತೆ."

ಪ್ಯಾಡ್ ಸೋತರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇರುತ್ತದೆ, ಎಷ್ಟು ತುಳಿದರೂ ಕಾರು ಮಾತ್ರ ನಿಲ್ಲುವುದಿಲ್ಲ. ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಬ್ರೇಕ್ ಆಯಿಲ್ ಕುದ್ದು ಆವಿಯಾಗಿದೆ ಎಂದು ಅರ್ಥ. ಆಯಿಲನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಆವಿಯನ್ನು ಆಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆಗಳನ್ನು ಅಮುಕುವುದರಲ್ಲೇ ಹೋಗುತ್ತದೆ. ಪ್ಯಾಡ್‌ಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಈ ವ್ಯತ್ಯಾಸ ಗೊತ್ತಿರಬೇಕು. ನನಗೆ ಗೊತ್ತಿರಲಿಲ್ಲ.

ಆಯಿಲ್ ಕುದಿಯುವಷ್ಟು ಬಿಸಿ ಎಲ್ಲಿಂದ ಬರುತ್ತದೆ ಅಂತ ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ನಾನೂ ಸೇರಿ ಕಾರಿನ ತೂಕ ಸುಮಾರು 1,200 ಕೆಜಿ. 140ರ ವೇಗದಿಂದ 60ಕ್ಕೆ ಇಳಿಸಿದರೆ ಹುಟ್ಟುವ ಶಾಖ, ಎರಡು ಲೀಟರಿಗೂ ಜಾಸ್ತಿ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಅದೂ ಮೂರು ನಾಲ್ಕು ಸೆಕೆಂಡಿನಲ್ಲಿ. ಒಂದು ಸುತ್ತು 3.7 ಕಿ.ಮೀ., ಅದರಲ್ಲಿ ಹೀಗೆ ಎಷ್ಟು ಸಲ ಒತ್ತುತ್ತೇವೆ ನೋಡಿ. ಪೇಟೆಯಲ್ಲಿ ಗುಂಡಿ ಸರ್ಕಲ್‌ನಿಂದ ಜಯದೇವ ಸರ್ಕಲ್ ತನಕ ಓಡಾಡುವ ಬ್ರೇಕಿಗೆ ಈ ಕಷ್ಟ ಕನಸಿನಲ್ಲೂ ಬಂದಿರುವುದಿಲ್ಲ.

ಆಯಿಲ್ ಡಬ್ಬಿಯ ಮೇಲೆ ಎರಡು ಕುದಿಬಿಂದು ಬರೆದಿರುತ್ತಾರೆ. ಒಂದು ಹೊಸದರದ್ದು, ಇನ್ನೊಂದು ನೀರು ಹೀರಿಕೊಂಡ ಮೇಲಿನದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತಡೆಯಬೇಕು, ನೀರು ಸೇರಿದ ಮೇಲೆ 155 ತಡೆದರೂ ಪಾಸು. ನನ್ನ ಕಾರಿನಲ್ಲಿದ್ದ ಆಯಿಲ್ ಎಷ್ಟು ವರ್ಷದ್ದೋ, ಬಣ್ಣ ಮಾತ್ರ ಕಾಫಿ ಕಷಾಯದ ಹಾಗಿತ್ತು. ಮೋಟುಲ್ ಆರ್‌ಬಿಎಫ್ 600 ತರಿಸಿದೆ. ಇದರದ್ದು ಹೊಸದಿದ್ದಾಗ 312, ತೇವ ಸೇರಿದ ಮೇಲೂ 200ಕ್ಕಿಂತ ಜಾಸ್ತಿ. ಅರ್ಧ ಲೀಟರಿನ ಎರಡು ಬಾಟಲಿ ಸಾಕಾಯಿತು. ನಾಲ್ಕೂ ಚಕ್ರದಲ್ಲಿ ಏರ್ ತೆಗೆದು ತುಂಬಿಸಿದೆವು. ಈ ಖರ್ಚಿನಷ್ಟು ಉಪಯೋಗಕ್ಕೆ ಬಂದದ್ದು ಆಮೇಲೆ ಮಾಡಿದ ಯಾವ ಖರ್ಚೂ ಅಲ್ಲ.

ಈಗ ಪ್ಯಾಡ್ ವಿಷಯ.

ನಮ್ಮದು ಮಂಡಕ್ಕಿ ಭಟ್ಟಿ. ಕಾದ ಉಸುಕಿಗೆ ಅಕ್ಕಿ ಹಾಕಿದರೆ ಕಣ್ಣು ಮಿಟುಕಿಸುವುದರೊಳಗೆ ಅರಳಬೇಕು. ಉಸುಕು ಕಾಯದಿದ್ದರೆ ಅಕ್ಕಿ ಹಾಗೇ ಕೂತಿರುತ್ತದೆ, ಜಾಸ್ತಿ ಕಾದರೆ ಕರಕಲು. ಅಪ್ಪ ನಾಲ್ಕು ಕಾಳು ಎಸೆದು ನೋಡಿ ಹದ ಹೇಳುತ್ತಾರೆ. ನಾನು ಅವರಿಗೆಂದು ತಂದ ಇನ್‌ಫ್ರಾರೆಡ್ ಗನ್ನನ್ನು ಅವರು ಮುಟ್ಟಲೇ ಇಲ್ಲ, ಅದು ಟ್ರ್ಯಾಕ್‌ಗೆ ಡಿಸ್ಕ್ ನೋಡಲು ಹೋಯಿತು. (ಹೊಳೆಯುವ ಡಿಸ್ಕ್ ಮೇಲೆ ಈ ಗನ್ ಇರುವುದಕ್ಕಿಂತ ಕಡಿಮೆಯೇ ತೋರಿಸುತ್ತದೆ, ನಂಬಿ ಕೂರಬೇಡಿ.) ಪ್ಯಾಡ್ ಕೂಡ ಭಟ್ಟಿಯ ಲೆಕ್ಕವೇ. ಪ್ರತಿಯೊಂದಕ್ಕೂ ಒಂದು ಹದದ ಬಿಸಿ ಇದೆ. ಪೇಟೆಯ ಪ್ಯಾಡ್ ತಣ್ಣಗಿದ್ದಾಗಲೇ ಹಿಡಿಯುತ್ತದೆ, ಟ್ರ್ಯಾಕ್ ಬಿಸಿಗೆ ಸುಟ್ಟು ಕೈ ಚೆಲ್ಲುತ್ತದೆ. ಅಪ್ಪಟ ರೇಸ್ ಪ್ಯಾಡ್ ಕೆಂಪು ಬಿಸಿಯಲ್ಲಿ ಸಿಂಹ, ತಣ್ಣಗಿದ್ದಾಗ ಸೋಮಾರಿ.

ಎರಡನೇ ಟ್ರಿಪ್‌ಗೆ ಆ ಸೋಮಾರಿಯನ್ನೇ ಹಾಕಿಕೊಂಡು ಹೋಗಿದ್ದೆ. ಬೆಂಗಳೂರಿನ ಗೆಳೆಯ ಕೊಟ್ಟ ರೇಸ್ ಪ್ಯಾಡ್. ಹೆಸರು ಬೇಡ, ತಪ್ಪು ಪ್ಯಾಡ್‌ನದ್ದಲ್ಲ. ಟ್ರ್ಯಾಕ್‌ನಲ್ಲಿ ಅದ್ಭುತ, ಇಡೀ ದಿನ ಪೆಡಲ್ ಒಂದೇ ಎತ್ತರದಲ್ಲಿತ್ತು. ಸಂಜೆ ಅದನ್ನು ಬಿಚ್ಚಿ ಹಳೆಯದು ಹಾಕಬೇಕಿತ್ತು. ಮುಕ್ಕಾಲು ಗಂಟೆಯ ಕೆಲಸ, ಒಂದು 7 ಎಂಎಂ ಅಲನ್ ಕೀ ಇದ್ದರೆ ಆಗುತ್ತದೆ. ಸುಸ್ತಾಗಿತ್ತು, ಬಿಟ್ಟೆ. ರಾತ್ರಿಯೆಲ್ಲ ಓಡಿಸಿ ಬೆಳಗಿನ ಜಾವ ಚಿತ್ರದುರ್ಗ ದಾಟಿದೆ. ಗಂಟೆಗಟ್ಟಲೆ ಸರಿಯಾಗಿ ಬ್ರೇಕ್ ಮುಟ್ಟಿರಲೇ ಇಲ್ಲ, ಹೊರಗೆ ಚಳಿ. ಭರಮಸಾಗರದ ಹತ್ತಿರ ರಸ್ತೆ ತುಂಬಾ ಕುರಿ. ಕುರಿ ಕಾಯುವವನು ಕೋಲು ಎತ್ತಿ ನಿಲ್ಲಿಸು ಅಂದ. ಒತ್ತಿದೆ. ಆಗ ಆದದ್ದನ್ನು ಹೇಗೆ ಹೇಳಲಿ, ಒದ್ದೆ ಸೋಪು ಹಿಡಿದ ಹಾಗೆ ಜಾರಿತು. ಎರಡೂ ಕಾಲು ಊರಿ ತುಳಿದ ಮೇಲೆ ಹಿಡಿಯಿತು. ಕೊನೆಯ ಕುರಿಯ ಬಾಲ ನನ್ನ ಬಂಪರಿನ ಮುಂದೆ ಅಲ್ಲಾಡಿಕೊಂಡು ಹೋಯಿತು. ಕುರಿಯವನು ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.

ಊರಿಗೆ ಬಂದವನು ಅದೇ ವಾರ ಹುಡುಕಲು ಕೂತೆ. ಅಂಗಡಿಯಲ್ಲಿ 'ಹೆವಿ ಡ್ಯೂಟಿ' ಅಂತ ಕೊಡುವುದನ್ನು ನಂಬಲಿಲ್ಲ. ಪ್ಯಾಡ್‌ನ ಅಂಚಿನಲ್ಲಿ ಎಫ್‌ಎಫ್, ಜಿಜಿ ಅಂತ ಎರಡು ಅಕ್ಷರ ಇರುತ್ತವಲ್ವಾ, ಮೊದಲನೆಯದು ಕಡಿಮೆ ಬಿಸಿಯ ಹಿಡಿತ, ಎರಡನೆಯದು ಜಾಸ್ತಿ ಬಿಸಿಯದು. ಎಫ್ ಅಂದರೆ ಘರ್ಷಣಾಂಕ (ಹಿಡಿತದ ಅಳತೆ) 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಕೇಳಲು ಚೆನ್ನಾಗಿದೆ. ಆದರೆ ಆ ಪರೀಕ್ಷೆಯ 'ಜಾಸ್ತಿ ಬಿಸಿ' ಸುಮಾರು 340 ಡಿಗ್ರಿಗೆ ಮುಗಿಯುತ್ತದೆ. ಟ್ರ್ಯಾಕ್‌ನಲ್ಲಿ ಕಥೆ ಶುರುವಾಗುವುದೇ ಅಲ್ಲಿಂದ. ಹಾಗಾಗಿ ಅಕ್ಷರ ನೋಡುವುದು ಬಿಟ್ಟು ಕಂಪನಿಯವರು ಕೊಡುವ ಬಿಸಿಯ ವ್ಯಾಪ್ತಿ ನೋಡಿದೆ.

ಕೊನೆಗೆ ತಗೊಂಡದ್ದು ಫೆರೋಡೋ ಡಿಎಸ್2500. ಕಂಪನಿಯ ಲೆಕ್ಕದಲ್ಲಿ ಇದರ ಸರಾಸರಿ ಹಿಡಿತ 0.42, ಕೆಲಸ ಮಾಡುವ ಬಿಸಿ 20ರಿಂದ 500 ಡಿಗ್ರಿ. ನನಗೆ ಬೇಕಿದ್ದದ್ದು ಆ 20. ಮುಂದಿನ ಎರಡು ಚಕ್ರದ ಸೆಟ್, ತರಿಸಿಕೊಳ್ಳುವ ಖರ್ಚು, ಸುಂಕ ಎಲ್ಲ ಸೇರಿ 18,000ದ ಹತ್ತಿರ ಹೋಯಿತು. ಅಪ್ಪನಿಗೆ ಆರು ಸಾವಿರ ಎಂದು ಹೇಳಿದ್ದೇನೆ. ಆರ್ಡರ್ ಮಾಡುವಾಗ ಕಾರಿನ ಹೆಸರು ಮಾತ್ರ ನಂಬಬೇಡಿ. ಒಂದೇ ಮಾಡೆಲ್‌ನಲ್ಲಿ ಬೇರೆ ಬೇರೆ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಬಂದಿರುತ್ತವೆ. ಹಳೆಯ ಪ್ಯಾಡ್ ಬಿಚ್ಚಿ ಉದ್ದ, ಅಗಲ, ದಪ್ಪ ಅಳೆದು ಹೋಲಿಸಿ. ಫೆರೋಡೋ ನಂಬರಿನ ಕೊನೆಗೆ ಇಂಗ್ಲಿಷ್‌ನ ಹೆಚ್ ಇದ್ದರೆ ಅದು ಡಿಎಸ್2500. ಡಬ್ಲ್ಯೂ ಇದ್ದರೆ ಡಿಎಸ್1.11, ಅದು ಅಪ್ಪಟ ರೇಸ್‌ನದ್ದು, ನನ್ನಂಥವನಿಗೆ ಬೇಡ.

ಹಾಕಿದ ತಕ್ಷಣ ಓಡಿಸಿದರೆ ಆಗುವುದಿಲ್ಲ. ಅಮ್ಮ ಹೊಸ ಹಂಚು ತಂದರೆ ಎಣ್ಣೆ, ಈರುಳ್ಳಿ ಉಜ್ಜಿ ಪಳಗಿಸುತ್ತಾಳಲ್ಲ, ಹಾಗೆ ಡಿಸ್ಕನ್ನೂ ಪಳಗಿಸಬೇಕು. ಪ್ಯಾಡ್‌ನ ತೆಳುವಾದ ಪದರ ಡಿಸ್ಕ್ ಮೇಲೆ ಸಮನಾಗಿ ಕೂತರೆ ಮಾತ್ರ ಹಿಡಿತ ಬರುತ್ತದೆ. ಊರ ಹೊರಗೆ ಸೈಟ್ ಮಾಡಿ ಬಿಟ್ಟಿರುವ, ಇನ್ನೂ ಮನೆ ಏಳದ ಒಂದು ಲೇಔಟ್ ಇದೆ. ಭಾನುವಾರ ಬೆಳಿಗ್ಗೆ ಅಲ್ಲಿ 80ರಿಂದ 20ಕ್ಕೆ ಹತ್ತು ಸಲ ಇಳಿಸಿದೆ, ಒಮ್ಮೆಯೂ ಪೂರ್ತಿ ನಿಲ್ಲಿಸಲಿಲ್ಲ. ಬಿಸಿಯಲ್ಲಿ ಪೆಡಲ್ ಒತ್ತಿ ನಿಂತರೆ ಪ್ಯಾಡ್ ನಿಂತ ಜಾಗದಲ್ಲೇ ಮಚ್ಚೆ ಬೀಳುತ್ತದೆ, ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಸ್ಟೇರಿಂಗ್ ನಡುಗುತ್ತದೆ. ಆರನೇ ಸಲಕ್ಕೆ ಕಮಟು ವಾಸನೆ, ಎಂಟನೇ ಸಲಕ್ಕೆ ಚಕ್ರದಿಂದ ಸಣ್ಣ ಹೊಗೆ. ಹಾಲಿನವನು ಬೈಕ್ ನಿಲ್ಲಿಸಿ, "ಅಣ್ಣಾ, ಗಾಡಿ ಸುಡ್ತಾ ಐತೆ" ಅಂತ ಕೂಗಿದ. ಆಮೇಲೆ ಬ್ರೇಕ್ ಮುಟ್ಟದೆ ಹದಿನೈದು ನಿಮಿಷ ನಿಧಾನಕ್ಕೆ ಓಡಿಸಿ ಆರಿಸಿದೆ.

ಮೂರನೇ ಟ್ರಿಪ್‌ನಲ್ಲಿ ಇಪ್ಪತ್ತು ನಿಮಿಷದ ನಾಲ್ಕು ಸೆಷನ್ ಓಡಿಸಿದೆ. ನನ್ನ ಕಾಲಿಗೆ ಇಷ್ಟವಾದದ್ದು ಇದರ ಕಚ್ಚುವ ರೀತಿ. ಒತ್ತಿದ ಕೂಡಲೇ ಮೂಗು ನೆಲಕ್ಕೆ ಹೊಡೆಯುವುದಿಲ್ಲ. ಎಷ್ಟು ಒತ್ತುತ್ತೀರೋ ಅಷ್ಟು ಹಿಡಿಯುತ್ತದೆ, ಬಿಟ್ಟಷ್ಟು ಬಿಡುತ್ತದೆ. ತಿರುವಿನೊಳಗೆ ಹೋಗುತ್ತಾ ಬ್ರೇಕನ್ನು ಸಣ್ಣಗೆ ಸಡಿಲಿಸುವುದು ಮೊದಲ ಸಲ ನನಗೆ ಒಲಿಯಿತು. ಆ ಗೆಳೆಯನ ರೇಸ್ ಪ್ಯಾಡ್‌ನಷ್ಟು ಗಟ್ಟಿ ಹಿಡಿತ ಇಲ್ಲ, ನಿಜ. 105 ಪಿಎಸ್ ಕಾರಿಗೆ ಅದು ಬೇಕಾಗಿಯೂ ಇಲ್ಲ. ನಿಮ್ಮದು 1,500 ಕೆಜಿ, 230 ಪಿಎಸ್ ಕಾರಾದರೆ ನನ್ನ ಮಾತು ಕೇಳಬೇಡಿ, ನಿಮಗೆ ಎರಡು ಸೆಟ್ ಬೇಕು. ಪ್ರತಿ ಸೆಷನ್ ಕೊನೆಗೆ ಒಂದು ಸುತ್ತು ಬ್ರೇಕ್ ಮುಟ್ಟದೆ ಬಂದೆ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಲಿಲ್ಲ, ಗೇರ್ ಪಿ ಗೆ ಹಾಕಿ ಚಕ್ರಕ್ಕೆ ಕಲ್ಲು ಇಟ್ಟೆ.

ಇನ್ನು ಕೀಚಲು ಸದ್ದು. ಮೊದಲ ವಾರ ಜಯದೇವ ಸರ್ಕಲ್‌ನಲ್ಲಿ ನಿಲ್ಲಿಸಿದಾಗಲೆಲ್ಲ ಟ್ರಾಫಿಕ್ ಪೊಲೀಸ್ ತಿರುಗಿ ನೋಡುತ್ತಿದ್ದರು. ಅದು ನನ್ನದೇ ತಪ್ಪು. ಅವಸರದಲ್ಲಿ ಪ್ಯಾಡ್ ಬೆನ್ನಿಗೆ ಗ್ರೀಸ್ ಹಚ್ಚಿರಲಿಲ್ಲ. ಉಸ್ತಾದ್ ಬಿಚ್ಚಿ, ಬ್ರೇಕಿನ ಗ್ರೀಸ್ ಬೆನ್ನಿಗೆ ಮಾತ್ರ ತೆಳುವಾಗಿ ಹಚ್ಚಿ ಕೊಟ್ಟರು, ಮುಕ್ಕಾಲು ಪಾಲು ನಿಂತಿತು. ಉಳಿದ ಕಾಲು ಭಾಗ ಇಂಥ ಪ್ಯಾಡ್ ಹಾಕಿದವರು ಸಹಿಸಿಕೊಳ್ಳಬೇಕಾದದ್ದು. ವೀಲ್ ಮೇಲೆ ಕಪ್ಪು ಪುಡಿಯೂ ಕೂರುತ್ತದೆ, ವಾರಕ್ಕೊಮ್ಮೆ ತೊಳೆಯುತ್ತೇನೆ.

ಬರುವಾಗ ಬೇಕೆಂದೇ ಅದೇ ಹೊತ್ತಿಗೆ ಚಿತ್ರದುರ್ಗ ದಾಟುವ ಹಾಗೆ ಹೊರಟೆ. ಭರಮಸಾಗರದ ಹತ್ತಿರ ಹಿಂದೆ ಯಾರೂ ಇಲ್ಲ ಅಂತ ಕನ್ನಡಿಯಲ್ಲಿ ನೋಡಿಕೊಂಡು ಒಮ್ಮೆ ಒತ್ತಿದೆ. ತಣ್ಣಗಿತ್ತು, ಆದರೂ ಮೊದಲ ಒತ್ತಿಗೇ ಹಿಡಿಯಿತು. ಕುರಿ ಮಾತ್ರ ಆವತ್ತು ಒಂದೂ ಇರಲಿಲ್ಲ.