13.8 ವೋಲ್ಟ್, 30 ಆಂಪಿಯರ್ ಎಸ್‌ಎಂಪಿಎಸ್: ನಿಜವಾದ ಲೋಡ್ ಕೊಟ್ಟಾಗ ಕೇಳಿಸುವ ಗದ್ದಲ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಈ ಎಸ್‌ಎಂಪಿಎಸ್ (ಅತಿ ವೇಗವಾಗಿ ಸ್ವಿಚ್ ಮಾಡುತ್ತಾ ಮೇನ್ಸ್ ವಿದ್ಯುತ್ತನ್ನು ಡಿಸಿಗೆ ಬದಲಿಸುವ ಪವರ್ ಸಪ್ಲೈ) ವರ್ಷಗಳಿಂದ ನನ್ನ 100 ವ್ಯಾಟ್‌ನ ಹ್ಯಾಮ್ ಟ್ರಾನ್ಸೀವರ್‌ಗೆ, ಅಂದರೆ ಹವ್ಯಾಸಿ ರೇಡಿಯೊದ ಪ್ರಸಾರಕ-ಗ್ರಾಹಕಕ್ಕೆ, ವಿದ್ಯುತ್ ಕೊಡುತ್ತಿದೆ. ವೋಲ್ಟೇಜ್ ಕುಸಿದದ್ದಿಲ್ಲ, ಬಿಸಿಯಾಗಿ ನಿಂತದ್ದಿಲ್ಲ. ಹೇಳಬೇಕಾದದ್ದು ಅದು ಹುಟ್ಟಿಸುವ ನಾಯ್ಸ್ ಬಗ್ಗೆ, ಅಂದರೆ ರೇಡಿಯೊದಲ್ಲಿ ಗದ್ದಲವಾಗಿ ಕೇಳಿಸುವ ಬೇಡದ ವಿದ್ಯುತ್ ಸಂಕೇತಗಳ ಬಗ್ಗೆ.

ಪೆಟ್ಟಿಗೆಯ ಮೇಲೆ ‘ಕಡಿಮೆ ನಾಯ್ಸ್’ ಎಂದು ಬರೆದಿದೆ. ಸುಳ್ಳೆನ್ನಲಾರೆ. ಪ್ರಯೋಗಾಲಯದಲ್ಲಿ 150 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗೆ ಅಳೆಯುವುದು ಮುಖ್ಯವಾಗಿ ಮೇನ್ಸ್ ತಂತಿಗೆ ಹರಿಯುವ ನಾಯ್ಸ್ ಅನ್ನು. ಲೋಡ್ (ಸಪ್ಲೈಯಿಂದ ಕರೆಂಟ್ ಎಳೆಯುವ ಸಾಧನ) ಆಗಿ ಸಾಮಾನ್ಯವಾಗಿ ಮೇಜಿನ ಮೇಲೊಂದು ರೆಸಿಸ್ಟರ್ ಇರುತ್ತದೆ. ಆ ರೆಸಿಸ್ಟರ್‌ಗೆ ಆಂಟೆನಾ ಇಲ್ಲ, ಅರ್ಥಿಂಗ್ ಇಲ್ಲ. ನಮ್ಮ ರಿಗ್‌ಗೆ, ಅಂದರೆ ಟ್ರಾನ್ಸೀವರ್‌ಗೆ, ಎರಡೂ ಇವೆ. ಎರಡು ಡಿಸಿ ತಂತಿಗಳಲ್ಲೂ ಒಂದೇ ದಿಕ್ಕಿಗೆ ಹರಿಯುವ ಕಾಮನ್ ಮೋಡ್ ಕರೆಂಟ್ ರಿಗ್‌ನ ಲೋಹದ ಕವಚಕ್ಕೆ, ಅಲ್ಲಿಂದ ಆಂಟೆನಾಗೆ ಹೋಗುವ ಕೋಆಕ್ಸ್ ಕೇಬಲ್‌ನ ಹೊರಮೈಗೆ ದಾಟಿ ಆಂಟೆನಾವನ್ನೇ ಸೇರುತ್ತದೆ. ಹಾಗಾಗಿ ರೆಸಿಸ್ಟರ್ ಪರೀಕ್ಷೆಯಲ್ಲಿ ಪಾಸಾದದ್ದು ನಮ್ಮ ಕೋಣೆಯಲ್ಲೂ ಪಾಸಾಗಬೇಕೆಂದಿಲ್ಲ.

ನಾನು ಪರೀಕ್ಷಿಸುವ ಕ್ರಮ ಸರಳ. ಮೊದಲು ರಿಗ್ ಅನ್ನು ಲೆಡ್ ಆಸಿಡ್ ಬ್ಯಾಟರಿಗೆ ಜೋಡಿಸಿ, ಎಸ್‌ಎಂಪಿಎಸ್‌ನ ಪ್ಲಗ್ ಕಿತ್ತು, 7.0ರಿಂದ 7.2 ಮೆಗಾಹರ್ಟ್ಸ್‌ವರೆಗಿನ ನಮ್ಮ 40 ಮೀಟರ್ ಬ್ಯಾಂಡ್ ಕೇಳುತ್ತೇನೆ. ಆಮೇಲೆ ಅದೇ ಆಂಟೆನಾ, ಅದೇ ಸಮಯ, ಎಸ್‌ಎಂಪಿಎಸ್. ಬ್ಯಾಟರಿಯಲ್ಲಿ ಇಲ್ಲದ ಗೊರಗೊರ ಆಗ ಸಮಾನ ಅಂತರದಲ್ಲಿ ಅಲ್ಲಲ್ಲಿ ಎದ್ದು ಬರುತ್ತದೆ. ಅದು ಸ್ವಿಚಿಂಗ್ ಆವರ್ತನದ ಹಾರ್ಮೋನಿಕ್ಸ್, ಅಂದರೆ ಆ ಆವರ್ತನದ ಗುಣಕಗಳು. ಪೆಟ್ಟಿಗೆ ಬಿಸಿಯಾದಂತೆ ಜಾಗ ಬದಲಿಸುತ್ತಾ ಹೋಗುತ್ತದೆ.

ಗಮನಿಸಬೇಕಾದದ್ದು ಲೋಡ್. ಸುಮ್ಮನೆ ಕೇಳುತ್ತಿರುವಾಗ ರಿಗ್ ಎಳೆಯುವುದು ಒಂದೆರಡು ಆಂಪಿಯರ್. ಮಾತನಾಡುವಾಗ ದನಿಯ ಏರಿಳಿತದ ಜೊತೆಗೇ 20 ಆಂಪಿಯರ್ ಸಮೀಪಕ್ಕೆ ಹೋಗಿ ಬರುತ್ತದೆ. 55 ವ್ಯಾಟ್‌ನ ಕಾರ್ ಹೆಡ್‌ಲೈಟ್ ಬಲ್ಬುಗಳನ್ನು ಒಂದೊಂದಾಗಿ ಜೋಡಿಸಿ, ಪಕ್ಕದಲ್ಲಿ ಬ್ಯಾಟರಿಯ ರೇಡಿಯೊ ಇಟ್ಟು ಕೇಳಿದೆ. ಹೆಚ್ಚು ಲೋಡ್ ಇದ್ದಾಗ ಹಾರ್ಮೋನಿಕ್ಸ್ ಬಲವಾಗಿದ್ದರೂ ಹರಡದೆ ಬಿಡಿಬಿಡಿಯಾಗಿ ಇರುತ್ತವೆ. ಲೋಡ್ ತೀರಾ ಕಡಿಮೆಯಾದಾಗ ಈ ಘಟಕ ಬಿಟ್ಟು ಬಿಟ್ಟು ಸ್ವಿಚ್ ಮಾಡುತ್ತದೆ. ಆಗ ಗದ್ದಲ ಬ್ಯಾಂಡ್ ತುಂಬ ಹರಡುತ್ತದೆ. ದೂರದ ಕ್ಷೀಣ ದನಿಗೆ ಕಿವಿಗೊಟ್ಟು ಕುಳಿತಾಗಲೇ ಅತಿ ಹೆಚ್ಚು ತೊಂದರೆ ಎಂಬುದು ನನಗೆ ಇಂದಿಗೂ ಬೇಸರ ತರುವ ಸಂಗತಿ.

ಪರಿಹಾರವಿದೆ. ‘ಮಿಕ್ಸ್ 31’ ಎಂಬ ಬಗೆಯ ಫೆರೈಟ್‌ನ (ನಾಯ್ಸ್ ತಡೆಯುವ ಕಾಂತೀಯ ವಸ್ತುವಿನ) ದೊಡ್ಡ ಉಂಗುರಕ್ಕೆ ಎರಡೂ ಡಿಸಿ ತಂತಿಗಳನ್ನು ಒಟ್ಟಿಗೆ ಸುತ್ತಬೇಕು, ಹತ್ತು ಸುತ್ತಿನಷ್ಟಾದರೂ. ತಂತಿಗೆ ಕಚ್ಚಿಸುವ ಒಂದು ಸಣ್ಣ ಫೆರೈಟ್ 7 ಮೆಗಾಹರ್ಟ್ಸ್‌ನಲ್ಲಿ ಹೆಚ್ಚೇನೂ ಮಾಡದು, ಏಕೆಂದರೆ ತಡೆ ಹೆಚ್ಚುಕಡಿಮೆ ಸುತ್ತುಗಳ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮೇನ್ಸ್ ತಂತಿಗೂ ಇಂಥದ್ದೇ ಇನ್ನೊಂದು ಉಂಗುರ ಬೇಕು. ಎರಡನ್ನೂ ಹಾಕಿದ ಮೇಲೆ ಹಾರ್ಮೋನಿಕ್ಸ್ ಬಹುಪಾಲು ಬ್ಯಾಂಡ್‌ನ ಸಹಜ ಗದ್ದಲದೊಳಗೆ ಮುಳುಗಿದವು. ಕಡಿಮೆ ಲೋಡ್‌ನ ಗೊರಗೊರ ತಗ್ಗಿದೆ, ಪೂರ್ತಿ ಹೋಗಿಲ್ಲ.

ಎಫ್‌ಎಂ ರಿಪೀಟರ್‌ನಲ್ಲಿ (ಸಂಕೇತವನ್ನು ಹಿಡಿದು ಮರುಪ್ರಸಾರ ಮಾಡುವ ಕೇಂದ್ರದ ಮೂಲಕ) ಮಾತನಾಡುವವರಿಗೆ ಈ ಎಸ್‌ಎಂಪಿಎಸ್ ಧಾರಾಳವಾಗಿ ಸಾಕು. 40, 80 ಮೀಟರ್‌ನಲ್ಲಿ ರಾತ್ರಿ ಕೂರುವವರು ತೂಕ ಹೆಚ್ಚಾದರೂ ಹೀಗೆ ವೇಗವಾಗಿ ಸ್ವಿಚ್ ಮಾಡದ, ಟ್ರಾನ್ಸ್‌ಫಾರ್ಮರ್‌ನ ಲೀನಿಯರ್ ಸಪ್ಲೈ ಕೊಳ್ಳಲಿ. ಎಸ್‌ಎಂಪಿಎಸ್ಸೇ ಬೇಕೆಂದರೆ ಹಣ ಕೊಡುವ ಮೊದಲು ಬ್ಯಾಟರಿಯ ರೇಡಿಯೊ ಮತ್ತು ಒಂದು ಹೆಡ್‌ಲೈಟ್ ಬಲ್ಬ್ ಅಂಗಡಿಗೆ ಒಯ್ದು, ಬಲ್ಬ್ ಹಚ್ಚಿಯೂ ಆರಿಸಿಯೂ ಕೇಳಿ ನೋಡಲಿ.