ಸೋಲಾರ್ ಪಾರ್ಕಿಗೆ ಹೊಲ: ಮಾರುವುದೋ, ಗುತ್ತಿಗೆಗೆ ಕೊಡುವುದೋ?

ಮಾರಿದರೆ ದುಡ್ಡು ಒಂದೇ ಸಲ ಬರುತ್ತದೆ. ಸಾಲ ತೀರುತ್ತದೆ. ಆದರೆ ಪಹಣಿಯಲ್ಲಿ ನಿಮ್ಮ ಹೆಸರು ಉಳಿಯುವುದಿಲ್ಲ.

ಗುತ್ತಿಗೆಯ ದಾರಿ ತೋರಿಸಿದ್ದು ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕು. ತಿರುಮಣಿ ಸುತ್ತಲಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆ, 2,050 ಮೆಗಾವಾಟ್. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ನಂಬಿ ಶೇಂಗಾ ಬಿತ್ತುವ ನೆಲಕ್ಕೆ ಇದು ಸಣ್ಣ ಮೊತ್ತವಲ್ಲ. ಆದರೆ ಏರಿಕೆ ವರ್ಷಕ್ಕೆ ಎರಡೂವರೆ ಪರ್ಸೆಂಟ್ ಅಷ್ಟೇ ಆಯಿತು. ದಿನಸಿ ಬೆಲೆ ಅದಕ್ಕಿಂತ ಬೇಗ ಏರುತ್ತದೆ, ಅಲ್ವಾ? ಎರಡೇ ಎಕರೆ ಇದ್ದವರಿಗೆ ಬಾಡಿಗೆಯೊಂದೇ ಸಾಲದು. ಹೊಲವೇ ಇಲ್ಲದ ಕೂಲಿಯವರಿಗೆ, ಕುರಿ ಮೇಯಿಸುವವರಿಗೆ ಎರಡು ದಾರಿಯಲ್ಲೂ ನಷ್ಟವೇ. ಇದು ನನ್ನನ್ನು ಬಹಳ ಕಾಡುತ್ತದೆ.

ನನ್ನ ಮಾತು ಕೇಳಿದರೆ ಗುತ್ತಿಗೆಗೇ ಕೊಡಿ. ಸುಮ್ನೆ ಸಹಿ ಹಾಕಬೇಡಿ. ಅವಧಿ ಮುಗಿದ ಮೇಲೆ ಪ್ಯಾನೆಲ್, ಕಂಬ, ಕಾಂಕ್ರೀಟ್ ಯಾರು ತೆಗೆಯಬೇಕು ಎಂದು ಕರಾರಿನಲ್ಲೇ ಬರೆಸಿಕೊಳ್ಳಿ.